ಗಾಳಿಯನ್ನು ಅಳೆಯಲು ಎಲ್ಲಿ ನಿಲ್ಲಬೇಕು?

ಮಕ್ಕಳೇ, ಪಾಠ ಆರಂಭಿಸುವ ಮೊದಲು ನಾನು ಮಾಡಿದ ಒಂದು ತಪ್ಪನ್ನು ನಿಮಗೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಗೆ ಹೋಗುವಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಪುಟ್ಟ ಉಪಕರಣವೊಂದನ್ನು ಎರವಲು ತೆಗೆದುಕೊಂಡು ಹೋಗಿದ್ದೆ. ಏಳನೇ ತರಗತಿಯ ಮುಂದೆ ನಿಂತು, ಅದನ್ನು ಎದೆಯ ಹತ್ತಿರ ಹಿಡಿದುಕೊಂಡು ಹತ್ತು ನಿಮಿಷ ಮಾತಾಡಿದೆ. ಆಮೇಲೆ ಅಂಕಿ ನೋಡಿದರೆ 1,300! ಕಪ್ಪು ಹಲಗೆಯ ಮೇಲೆ 'ನಮ್ಮೂರಿನ ಗಾಳಿ: 1,300' ಎಂದು ದೊಡ್ಡದಾಗಿ ಬರೆದೆ. ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಅದು ಊರಿನ ಗಾಳಿಯಲ್ಲ. ನಿಮ್ಮ ಬಾಯಿಯ ಗಾಳಿ" ಎಂದಳು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ಬೆವರು ಒರೆಸಿಕೊಂಡೆ. ಎಂ.ಎಸ್ಸಿ. ಓದಿದವನಿಗೆ ಹೊಳೆಯದಿದ್ದುದು ಅವಳಿಗೆ ಹೊಳೆದಿತ್ತು.

ಎಲ್ಲರೂ ಹೊರಗೆ ಬಂದೆವು. ಗಾಳಿ ಬೀಸಿ ಬರುವ ಕಡೆಗೆ ಮುಖ ಮಾಡಿ, ಕೈಯನ್ನು ಉದ್ದಕ್ಕೆ ಚಾಚಿ ಉಪಕರಣ ಹಿಡಿದೆವು. ಅಂಕಿ ನಿಧಾನವಾಗಿ ಇಳಿದು 440ರ ಆಸುಪಾಸಿಗೆ ಬಂತು. ಸದ್ಯ ಸರಿಯಾಯಿತು ಎನ್ನುವಷ್ಟರಲ್ಲಿ ಗಾಳಿ ದಿಕ್ಕು ಬದಲಾಯಿಸಿ ಬಿಸಿಯೂಟದ ಅಡುಗೆ ಕೋಣೆಯ ಕಡೆಯಿಂದ ಬೀಸಿತು. ಅಂಕಿ ಮತ್ತೆ ಜಿಗಿಯಿತು. ಹಾಗಾದರೆ ನಿಜವಾದ ಅಂಕಿ ಯಾವುದು? ಕೋಣೆಯದೇ, ಅಂಗಳದ್ದೇ, ಒಲೆಯದೇ?

ಉಪಕರಣ ಮೂರು ಸಲವೂ ಸುಳ್ಳು ಹೇಳಿರಲಿಲ್ಲ. ಅದು ತನ್ನ ಮುಂದಿದ್ದ ಗಾಳಿಯನ್ನು ಸರಿಯಾಗಿಯೇ ಅಳೆದಿತ್ತು. ನಾವು ನಿಂತ ಜಾಗ ಸರಿಯಿರಲಿಲ್ಲ, ಅಷ್ಟೆ. ಇಡೀ ಭೂಮಿಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ತಿಳಿಯಬೇಕಾದರೆ ಎಲ್ಲಿ ನಿಲ್ಲಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ವಿಜ್ಞಾನಿಗಳು ಸಮುದ್ರದ ಅಂಚಿನ ಒಂದು ಬಂಡೆಗೆ ಹೋಗಿ ನಿಂತಿದ್ದಾರೆ. ಅಲ್ಲಿಗೆ ಹೋಗುವ ಮುಂಚೆ ಒಂದು ಸಣ್ಣ ಲೆಕ್ಕ ಮಾಡೋಣ.

ಮಾಡಿ ನೋಡಿ: ಗ್ರಾಫ್ ಹಾಳೆಯ ಮೇಲೆ ಗಾಳಿ

ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅದರಲ್ಲಿ 1 ಮಿಲಿಮೀಟರ್ ಅಳತೆಯ ಚಿಕ್ಕ ಚೌಕಗಳಿರುತ್ತವೆಯಲ್ಲವೇ? 5 ಮಿ.ಮೀ. ಉದ್ದ, 5 ಮಿ.ಮೀ. ಅಗಲದ ಚೌಕವೊಂದನ್ನು ಪೆನ್ಸಿಲಿನಿಂದ ಗುರುತಿಸಿ. ಒಳಗೆ 25 ಚಿಕ್ಕ ಚೌಕಗಳು. ಅವುಗಳಲ್ಲಿ ಒಂದಕ್ಕೆ ಮಾತ್ರ ಬಣ್ಣ ತುಂಬಿ. ಇದು ನೀವು ಉಸಿರು ಬಿಟ್ಟಾಗ ಹೊರಬರುವ ಗಾಳಿ. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡಾ 4ರಷ್ಟು, ಅಂದರೆ 25ರಲ್ಲಿ ಒಂದು ಭಾಗ.

ಈಗ 50 ಮಿ.ಮೀ. ಉದ್ದಗಲದ ಇನ್ನೊಂದು ಚೌಕ ಬರೆಯಿರಿ. ಒಳಗೆ ಎಷ್ಟು ಚಿಕ್ಕ ಚೌಕಗಳು? 50 × 50 = 2,500. ಇದರಲ್ಲೂ ಒಂದಕ್ಕೆ ಮಾತ್ರ ಬಣ್ಣ ತುಂಬಿ. ಇದು ಹೊರಗಿನ ಸ್ವಚ್ಛ ಗಾಳಿ. ಹತ್ತು ಲಕ್ಷ ಚೌಕಗಳಿದ್ದರೆ ಅವುಗಳಲ್ಲಿ ಎಷ್ಟಕ್ಕೆ ಬಣ್ಣ ಬರುತ್ತಿತ್ತು? 10,00,000 ÷ 2,500 = 400. ಹಾಗಾಗಿ ಇದನ್ನು 'ದಶಲಕ್ಷಕ್ಕೆ 400 ಭಾಗ' ಎನ್ನುತ್ತಾರೆ. ನನ್ನ ಉಪಕರಣ ತೋರಿಸಿದ 1,300 ಮತ್ತು 440 ಕೂಡ ಇದೇ ಏಕಮಾನದ ಅಂಕಿಗಳು.

ನಿಮ್ಮ ಉಸಿರಿನ ಚೌಕವನ್ನೂ ಹೊರಗಿನ ಗಾಳಿಯ ಚೌಕವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಉಸಿರಿನಲ್ಲಿ ಈ ಅನಿಲ ನೂರು ಪಟ್ಟು ಹೆಚ್ಚು. ಅಳೆಯುವವನ ಉಸಿರೇ ಅಳತೆಯನ್ನು ಹೇಗೆ ಕೆಡಿಸುತ್ತದೆ ಎಂದು ಈಗ ತಿಳಿಯಿತೇ? ಗಾಳಿಯ ಮಾದರಿ ಹಿಡಿಯುವ ವಿಜ್ಞಾನಿಗಳು ಉಸಿರು ಬಿಗಿಹಿಡಿದು ನಿಲ್ಲುವುದುಂಟು.

ಇಷ್ಟು ಕಡಿಮೆ ಇರುವ ಅನಿಲದ ಬಗ್ಗೆ ಇಷ್ಟೊಂದು ತಲೆಕೆಡಿಸಿಕೊಳ್ಳುವುದೇಕೆ? ಸೂರ್ಯನ ಬೆಳಕಿನಿಂದ ಬಿಸಿಯಾದ ನೆಲ ಶಾಖವನ್ನು ಅವಕೆಂಪು ಕಿರಣಗಳಾಗಿ ಮೇಲಕ್ಕೆ ಕಳಿಸುತ್ತದೆ. ಇಂಗಾಲದ ಡೈಆಕ್ಸೈಡ್, ಮೀಥೇನ್, ನೈಟ್ರಸ್ ಆಕ್ಸೈಡ್ ಮುಂತಾದ ಹಸಿರುಮನೆ ಅನಿಲಗಳು ಆ ಕಿರಣಗಳಲ್ಲಿ ಒಂದಿಷ್ಟನ್ನು ಹೀರಿ ಮತ್ತೆ ಕೆಳಕ್ಕೂ ಕಳಿಸುತ್ತವೆ. ಇವುಗಳ ಜೊತೆಗೆ ನೀರಾವಿಯೂ ಇಲ್ಲದೇ ಹೋಗಿದ್ದರೆ ಭೂಮಿಯ ಸರಾಸರಿ ಉಷ್ಣತೆ ಈಗಿರುವಂತೆ 15 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಇರುತ್ತಿರಲಿಲ್ಲ, ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು. ಇವು ಇರಲೇಬೇಕು. ಆದರೆ ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಡುವುದರಿಂದ ಇವು ಹೆಚ್ಚುತ್ತಿವೆ, ಭೂಮಿ ಬಿಸಿಯಾಗುತ್ತಿದೆ. ಎಷ್ಟು ಹೆಚ್ಚುತ್ತಿವೆ ಎಂಬುದನ್ನು ಅಂದಾಜಿನಲ್ಲಿ ಹೇಳಿದರೆ ಸಾಲದು, ಅಳೆಯಬೇಕು.

ಅಮ್ಮ ಸಾರಿನ ಉಪ್ಪು ನೋಡುವುದನ್ನು ಗಮನಿಸಿದ್ದೀರಾ? ಉಪ್ಪು ಹಾಕಿದ ಕೂಡಲೇ ಅದು ಬಿದ್ದ ಜಾಗದಿಂದಲೇ ಸೌಟು ಎತ್ತಿ ರುಚಿ ನೋಡುವುದಿಲ್ಲ. ಚೆನ್ನಾಗಿ ಕಲಕಿ, ಕುದಿಯಲು ಬಿಟ್ಟು, ಆಮೇಲೆ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೋಡುತ್ತಾರೆ. ಆಗ ಆ ಒಂದು ತೊಟ್ಟು ಇಡೀ ಪಾತ್ರೆಯ ಸುದ್ದಿ ಹೇಳುತ್ತದೆ. ಗಾಳಿಗೂ ಇದೇ ಮಾತು. ಪೇಟೆ, ಕಾರ್ಖಾನೆ, ದನದ ಕೊಟ್ಟಿಗೆ, ಭತ್ತದ ಗದ್ದೆ ಎಲ್ಲವೂ ಉಪ್ಪು ಬಿದ್ದ ಜಾಗಗಳು. ಅವುಗಳಿಂದ ದೂರ ಹೋಗಿ ಚೆನ್ನಾಗಿ ಕಲಕಿದ ಗಾಳಿಯನ್ನು ಹಿಡಿಯಬೇಕು. ಅದರಲ್ಲಿರುವ ಪ್ರಮಾಣಕ್ಕೆ 'ಹಿನ್ನೆಲೆ ಮಟ್ಟ' ಎಂದು ಹೆಸರು.

ಹೀಗೆ ಎಡೆಬಿಡದೆ ಅಳೆಯುವ ಕೆಲಸವನ್ನು ಅಮೆರಿಕದ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಜ್ವಾಲಾಮುಖಿ ಬೆಟ್ಟದ ಮೇಲೆ ಆರಂಭಿಸಿದರು. ಅವರಿಗೆ ಸಿಕ್ಕ ಮೊದಲ ಅಂಕಿ ಸುಮಾರು 313. ಆ ಕತೆಯನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ನಾನು ಹೇಳಹೊರಟಿರುವುದು ಇನ್ನೊಂದು ಜಾಗದ ಬಗ್ಗೆ.

ಭೂಪಟದಲ್ಲಿ ಆಸ್ಟ್ರೇಲಿಯಾವನ್ನು ಹುಡುಕಿ. ಅದರ ಕೆಳಗೆ ಹೃದಯದ ಆಕಾರದ ಒಂದು ದ್ವೀಪವಿದೆ. ಅದು ಟಾಸ್ಮೇನಿಯಾ. ಅದರ ವಾಯುವ್ಯ ತುದಿಯಲ್ಲಿ, ಸಮುದ್ರಕ್ಕೆ ಚಾಚಿದ ಕಡಿದಾದ ಬಂಡೆಯ ಮೇಲೆ ಕೇಪ್ ಗ್ರಿಮ್ ಇದೆ. 1798ರಲ್ಲಿ ಹಡಗಿನಲ್ಲಿ ಬಂದ ಮ್ಯಾಥ್ಯೂ ಫ್ಲಿಂಡರ್ಸ್ ಇಟ್ಟ ಹೆಸರು ಇದು. ಗ್ರಿಮ್ ಎಂದರೆ ಕಠೋರ, ಭೀಕರ ಎಂದರ್ಥ. ಅದಕ್ಕೂ ಸಾವಿರಾರು ವರ್ಷ ಮೊದಲಿನಿಂದ ಅಲ್ಲಿದ್ದ ಮೂಲನಿವಾಸಿಗಳ ಭಾಷೆಯ ಹೆಸರು ಕೆನ್ನಾವುಕ್. ಈಗ ಎರಡೂ ಹೆಸರುಗಳನ್ನು ಜೊತೆಯಾಗಿಯೇ ಬರೆಯುತ್ತಾರೆ.

ಇಲ್ಲಿ ಅಳತೆ ಶುರುವಾದದ್ದು 1976ರ ಏಪ್ರಿಲ್‌ನಲ್ಲಿ. ಆಗ ಕಟ್ಟಡವೂ ಇರಲಿಲ್ಲ. ಅಮೆರಿಕದ ನಾಸಾ ಸಂಸ್ಥೆ ಬಳಸಿ ಬಿಟ್ಟಿದ್ದ ಒಂದು ಹಳೆಯ ಗಾಡಿಮನೆಯನ್ನು ತಂದು ನಿಲ್ಲಿಸಿ, ಅದರೊಳಗೆ ಉಪಕರಣ ಇಟ್ಟರು. ಕಾಯಂ ಕಟ್ಟಡ ಬಂದದ್ದು 1981ರಲ್ಲಿ. ಸಮುದ್ರ ಮಟ್ಟದಿಂದ ಸುಮಾರು 94 ಮೀಟರ್ ಎತ್ತರದಲ್ಲಿ ಅದು ನಿಂತಿದೆ. ಆಸ್ಟ್ರೇಲಿಯಾದ ಹವಾಮಾನ ಇಲಾಖೆ ಮತ್ತು ಅಲ್ಲಿನ ವಿಜ್ಞಾನ ಸಂಸ್ಥೆ ಸಿ.ಎಸ್.ಐ.ಆರ್.ಒ. ಸೇರಿ ಇದನ್ನು ನಡೆಸುತ್ತಿವೆ.

ಇಷ್ಟು ದೂರ ಹೋಗಿ ಈ ಬಂಡೆಯನ್ನೇ ಏಕೆ ಆರಿಸಿಕೊಂಡರು? ಮತ್ತೆ ಭೂಪಟ ನೋಡಿ. ಟಾಸ್ಮೇನಿಯಾದಿಂದ ಪಶ್ಚಿಮಕ್ಕೆ ಬೆರಳು ಸರಿಸುತ್ತಾ ಹೋಗಿ. ಆಫ್ರಿಕಾದ ದಕ್ಷಿಣ ತುದಿಯನ್ನು ದಾಟಿ ಹೋದರೂ ಬರೀ ನೀರೇ ನೀರು. ಆ ಕಡೆಯಿಂದ ಬಿರುಸಾಗಿ ಬೀಸುವ ಪಶ್ಚಿಮ ಮಾರುತ ಸಾವಿರಾರು ಕಿಲೋಮೀಟರ್ ಸಮುದ್ರದ ಮೇಲೆಯೇ ಹಾದು ಕೇಪ್ ಗ್ರಿಮ್ ಬಂಡೆಗೆ ಬಡಿಯುತ್ತದೆ. ದಾರಿಯಲ್ಲಿ ಊರಿಲ್ಲ, ಒಲೆಯಿಲ್ಲ, ರಸ್ತೆಯಿಲ್ಲ. ಭೂಮಿಯ ಅತ್ಯಂತ ಚೆನ್ನಾಗಿ ಕಲಕಿದ ಗಾಳಿಗಳಲ್ಲಿ ಇದೂ ಒಂದು.

ಆದರೆ ಗಾಳಿ ಯಾವಾಗಲೂ ಪಶ್ಚಿಮದಿಂದಲೇ ಬೀಸಬೇಕಲ್ಲ! ಕೆಲವೊಮ್ಮೆ ಉತ್ತರದಿಂದ ಬೀಸಿ, ಸುಮಾರು 300 ಕಿ.ಮೀ. ದೂರದಲ್ಲಿರುವ ಮೆಲ್ಬರ್ನ್ ನಗರದ ಹೊಗೆಯನ್ನು ಹೊತ್ತು ತರುತ್ತದೆ. ಪೂರ್ವದಿಂದ ಬೀಸಿದರೆ ಟಾಸ್ಮೇನಿಯಾದ ಹುಲ್ಲುಗಾವಲುಗಳ ಮೇಲಿಂದ ಬರುತ್ತದೆ. ಅಲ್ಲಿ ದನಗಳು ಮೇಯುತ್ತವೆ. ದನ ಮೆಲುಕು ಹಾಕುವಾಗ ಬಾಯಿಂದ ಮೀಥೇನ್ ಬಿಡುತ್ತದೆ ಎಂಬುದು ನಿಮಗೆ ಗೊತ್ತೇ? ಮೀಥೇನಿನ ಅಂಕಿ ಸರ್ರನೆ ಏರುತ್ತದೆ. ನಮ್ಮ ಬಿಸಿಯೂಟದ ಒಲೆಯ ಕತೆಯೇ ಅಲ್ಲೂ.

ಅದಕ್ಕಾಗಿ ಅವರು ಒಂದು ನಿಯಮ ಮಾಡಿಕೊಂಡಿದ್ದಾರೆ. ಉತ್ತರವನ್ನು 0 ಡಿಗ್ರಿ ಎಂದು ಇಟ್ಟುಕೊಂಡರೆ ಪೂರ್ವ 90, ದಕ್ಷಿಣ 180, ಪಶ್ಚಿಮ 270. ಗಾಳಿ 190ರಿಂದ 280 ಡಿಗ್ರಿಯೊಳಗಿನ ದಿಕ್ಕಿನಿಂದ ಬೀಸುತ್ತಿದ್ದರೆ ಮಾತ್ರ ಹಿನ್ನೆಲೆ ಗಾಳಿಯ ಲೆಕ್ಕಕ್ಕೆ. (ಕೋನಮಾಪಕ ಇಟ್ಟು ಈ ಭಾಗವನ್ನು ನಿಮ್ಮ ಪುಸ್ತಕದಲ್ಲಿ ಬರೆದು ನೋಡಿ. ಪೂರ್ಣ ವೃತ್ತದ ಎಷ್ಟನೇ ಭಾಗ ಆಯಿತು?) ಉಳಿದ ಹೊತ್ತಿನ ಅಂಕಿಗಳನ್ನು ಎಸೆದುಬಿಡುತ್ತಾರೆಯೇ? ಇಲ್ಲ. ಅವನ್ನು ಬೇರೆ ಗುರುತು ಹಾಕಿ ಇಡುತ್ತಾರೆ. ಮೆಲ್ಬರ್ನ್ ಕಡೆಯ ಗಾಳಿಯಲ್ಲಿ ಯಾವ ಅನಿಲ ಎಷ್ಟು ಹೆಚ್ಚಿದೆ ಎಂದು ನೋಡಿ, ಆ ಪ್ರದೇಶ ಎಷ್ಟು ಅನಿಲ ಹೊರಬಿಡುತ್ತಿದೆ ಎಂದು ಲೆಕ್ಕ ಹಾಕಲು ಅವೇ ಬೇಕು. ಬೇಡವೆಂದು ತೋರಿದ ಅಂಕಿಯನ್ನು ರಬ್ಬರಿನಿಂದ ಉಜ್ಜಿ ಹಾಕಬೇಡಿ ಎಂದು ನಾನು ಪ್ರಯೋಗದ ತರಗತಿಗಳಲ್ಲಿ ಗೊಣಗುವುದು ಇದಕ್ಕೇ.

ಇನ್ನೂ ಒಂದು ಅನುಮಾನ ಉಳಿಯುತ್ತದೆ. ಈಗ ಪಶ್ಚಿಮದಿಂದ ಬೀಸುತ್ತಿರುವ ಗಾಳಿ ಎರಡು ದಿನ ಹಿಂದೆ ಆಸ್ಟ್ರೇಲಿಯಾದ ನೆಲದ ಮೇಲಿದ್ದು, ಸಮುದ್ರಕ್ಕೆ ಹೋಗಿ, ಸುತ್ತಿ ಬಳಸಿ ಬಂದಿದ್ದರೆ? ದಿಕ್ಕನ್ನು ತೋರಿಸುವ ಗಾಳಿಕೋಳಿಗೆ ಇದು ತಿಳಿಯುವುದಿಲ್ಲ. ಇಲ್ಲಿ ಸಹಾಯಕ್ಕೆ ಬರುವುದು ರೇಡಾನ್ ಎಂಬ ಅನಿಲ. ಕಲ್ಲು ಮಣ್ಣಿನಲ್ಲಿ ಅತಿ ಸ್ವಲ್ಪ ಪ್ರಮಾಣದ ಯುರೇನಿಯಂ ಇರುತ್ತದೆ. ಅದು ಒಡೆಯುತ್ತಾ ಹೋಗುವ ಸರಣಿಯಲ್ಲಿ ರೇಡಾನ್ ಹುಟ್ಟಿ ನೆಲದಿಂದ ಹೊರಬರುತ್ತದೆ. ಸಮುದ್ರದಿಂದ ಬರುವುದು ತೀರಾ ಕಡಿಮೆ. ಜೊತೆಗೆ ರೇಡಾನಿಗೆ ಆಯಸ್ಸು ಕಡಿಮೆ. 3.8 ದಿನಕ್ಕೆ ಅರ್ಧವಾಗುತ್ತದೆ, ಮತ್ತೆ 3.8 ದಿನಕ್ಕೆ ಅದರ ಅರ್ಧ. 19 ದಿನ ಕಳೆದರೆ ಎಷ್ಟು ಉಳಿದೀತು, ನೀವೇ ಲೆಕ್ಕ ಹಾಕಿ. (32ರಲ್ಲಿ ಒಂದು ಭಾಗ ಬಂದರೆ ನಿಮ್ಮ ಉತ್ತರ ಸರಿ.) ಗಾಳಿಯಲ್ಲಿ ರೇಡಾನ್ ಹೆಚ್ಚಿದ್ದರೆ ಅದು ಇತ್ತೀಚೆಗೆ ನೆಲ ಮುಟ್ಟಿ ಬಂದಿದೆ ಎಂದರ್ಥ. ಮಣ್ಣಿನಲ್ಲಿ ಆಡಿ ಬಂದು 'ಆಡಿಲ್ಲ' ಎಂದರೆ ಅಂಗಾಲು ನೋಡುತ್ತಾರಲ್ಲ, ಹಾಗೆ.

ಅಳೆಯುವುದು ಹೇಗೆ? ಶಾಲೆಯಲ್ಲಿ ನೀವು ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿ, ಅದು ಹಾಲಿನಂತಾಗುವುದನ್ನು ನೋಡಿದ್ದೀರಿ. ಅದು 'ಇದೆ' ಎಂದು ಹೇಳುತ್ತದೆ, 'ಎಷ್ಟಿದೆ' ಎಂದು ಹೇಳುವುದಿಲ್ಲ. ಕೇಪ್ ಗ್ರಿಮ್‌ನಲ್ಲಿ ಎತ್ತರದ ಗೋಪುರದಿಂದ ಕೊಳವೆಯ ಮೂಲಕ ಗಾಳಿಯನ್ನು ಎಳೆದು, ಮೊದಲು ಅದರ ತೇವಾಂಶ ತೆಗೆಯುತ್ತಾರೆ. ನೀರಾವಿ ಬೆರೆತಿದ್ದರೆ ಲೆಕ್ಕ ತಪ್ಪುತ್ತದೆ. ಆಮೇಲೆ ಬೆಳಕು. ಹಸಿರುಮನೆ ಅನಿಲಗಳು ಅವಕೆಂಪು ಕಿರಣಗಳನ್ನು ಹೀರುತ್ತವೆ ಎಂದೆನಲ್ಲ, ಆ ಗುಣವೇ ಇಲ್ಲಿ ತಕ್ಕಡಿ. ಈಗಿನ ಉಪಕರಣಗಳಲ್ಲಿ ಒಂದು ಚಿಕ್ಕ ಕೊಳವೆಯ ಒಳಗೆ ತುಂಬಾ ನುಣುಪಾದ ಕನ್ನಡಿಗಳಿರುತ್ತವೆ. ಲೇಸರ್ ಬೆಳಕನ್ನು ಒಳಗೆ ಬಿಟ್ಟು ಆರಿಸಿದರೆ, ಆ ಬೆಳಕು ಕನ್ನಡಿಯಿಂದ ಕನ್ನಡಿಗೆ ಪುಟಿಯುತ್ತಾ ಹಲವು ಕಿಲೋಮೀಟರ್ ದೂರ ಓಡಿ ನಿಧಾನವಾಗಿ ಮಂಕಾಗುತ್ತದೆ. ದೇವಸ್ಥಾನದ ಗಂಟೆ ಹೊಡೆದ ಮೇಲೆ ನಾದ ಸ್ವಲ್ಪ ಹೊತ್ತು ಉಳಿದು ಕರಗುವುದನ್ನು ನೆನಪಿಸಿಕೊಳ್ಳಿ. ಗಂಟೆಯನ್ನು ಬೆರಳಿನಿಂದ ಮುಟ್ಟಿದರೆ ನಾದ ಬೇಗ ಅಡಗುತ್ತದೆ. ಕೊಳವೆಯೊಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದಷ್ಟೂ ಬೆಳಕು ಬೇಗ ಆರುತ್ತದೆ. ಆರಲು ಹಿಡಿದ ಸಮಯದಿಂದ ಅನಿಲದ ಪ್ರಮಾಣ ತಿಳಿಯುತ್ತದೆ.

ಅಂಗಡಿಯ ತಕ್ಕಡಿಯ ತೂಕದ ಕಲ್ಲುಗಳನ್ನು ಆಗಾಗ ಪರೀಕ್ಷಿಸಿ ಮುದ್ರೆ ಒತ್ತುವಂತೆ, ಈ ಉಪಕರಣಗಳನ್ನೂ ಗೊತ್ತಿರುವ ಪ್ರಮಾಣದ ಅನಿಲ ತುಂಬಿದ ಸಿಲಿಂಡರ್‌ಗಳಿಂದ ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ವಿಶ್ವ ಹವಾಮಾನ ಸಂಸ್ಥೆ ಇಟ್ಟಿರುವ ಗುರಿ ಎಷ್ಟು ಕಟ್ಟುನಿಟ್ಟು ಗೊತ್ತೇ? ದಕ್ಷಿಣ ಗೋಳಾರ್ಧದ ಬೇರೆ ಬೇರೆ ಕೇಂದ್ರಗಳ ಅಳತೆಗಳ ನಡುವೆ ದಶಲಕ್ಷಕ್ಕೆ 0.05 ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಅಂದರೆ ಎರಡು ಕೋಟಿಯಲ್ಲಿ ಒಂದು ಭಾಗ. ನಿಮ್ಮ ಗ್ರಾಫ್ ಹಾಳೆಯಲ್ಲಿ ಅದನ್ನು ತೋರಿಸಲು ತರಗತಿಯ ನೆಲವೆಲ್ಲ ಹಾಳೆ ಹಾಸಬೇಕಾದೀತು!

ಇನ್ನು ಕೇಪ್ ಗ್ರಿಮ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. 1978ರಿಂದ ಅಲ್ಲಿ ಗಾಳಿಯನ್ನು ಕೂಡಿಡುತ್ತಿದ್ದಾರೆ! ನಾವು ಉಪ್ಪಿನಕಾಯಿಯನ್ನು ಜಾಡಿಯಲ್ಲಿ ಇಟ್ಟಂತೆ. ಸ್ವಚ್ಛ ಗಾಳಿ ಬೀಸುವ ದಿನ ನೋಡಿ, ತುಕ್ಕು ಹಿಡಿಯದ ಉಕ್ಕಿನ ಪಾತ್ರೆಯನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿರುವ ದ್ರವ ನೈಟ್ರೋಜನ್ನಿನಲ್ಲಿ ಅದ್ದುತ್ತಾರೆ. ಆ ಚಳಿಗೆ ಗಾಳಿಯೇ ದ್ರವವಾಗಿ ಪಾತ್ರೆಯೊಳಗೆ ಇಳಿಯುತ್ತದೆ. ಬಾಯಿ ಬಿಗಿದು ಇಟ್ಟರೆ ಆಯಿತು. ಹೀಗೆ ಒಂದು ಪಾತ್ರೆಯಲ್ಲಿ ಸುಮಾರು ಸಾವಿರ ಲೀಟರ್ ಗಾಳಿ ಹಿಡಿಸುತ್ತದೆ. ಅಂಥ ನೂರಕ್ಕೂ ಹೆಚ್ಚು ಪಾತ್ರೆಗಳು ಒಟ್ಟಾಗಿವೆ.

ಹಳೆಯ ಗಾಳಿ ಏಕೆ ಬೇಕು? 1978ರಲ್ಲಿ ಅದನ್ನು ತುಂಬಿದವರಿಗೆ ಮುಂದೆ ಯಾವ ಪ್ರಶ್ನೆ ಬರುತ್ತದೆ ಎಂದು ಗೊತ್ತಿರಲಿಲ್ಲ. ಆದರೆ ಬಂತು. ಫ್ರಿಜ್ಜುಗಳಲ್ಲಿ, ಸಿಂಪಡಿಸುವ ಡಬ್ಬಿಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳೂ ಭೂಮಿಯನ್ನು ಬಿಸಿ ಮಾಡುತ್ತವೆ ಎಂದು 1975ರಲ್ಲಿ ತೋರಿಸಿಕೊಟ್ಟವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ್ದ ವೀರಭದ್ರನ್ ರಾಮನಾಥನ್. ಇವು ಓಜೋನ್ ಪದರವನ್ನೂ ತಿನ್ನುತ್ತವೆ. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಗಿ ಇವುಗಳ ಬಳಕೆ ನಿಂತಿತು. ಎಲ್ಲ ಮುಗಿಯಿತು ಎಂದುಕೊಂಡಿದ್ದಾಗ, 2014ರಲ್ಲಿ ಸಂಶೋಧಕರು ಟಾಸ್ಮೇನಿಯಾದ ಈ ಹಳೆಯ ಗಾಳಿಯನ್ನು ಹೊಸ ಉಪಕರಣಗಳಿಂದ ಪರೀಕ್ಷಿಸಿದರು. ಅದುವರೆಗೆ ಯಾರ ಗಮನಕ್ಕೂ ಬಾರದ, ಓಜೋನನ್ನು ತಿನ್ನುವ ನಾಲ್ಕು ಅನಿಲಗಳು ಅದರಲ್ಲಿ ಸಿಕ್ಕವು. ಪಾತ್ರೆಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಅವು ಯಾವ ವರ್ಷ ಎಷ್ಟಿದ್ದವು ಎಂಬುದೂ ತಿಳಿಯಿತು.

ಸರಿ, ಇದೆಲ್ಲ ಎಲ್ಲೋ ಟಾಸ್ಮೇನಿಯಾದ ಮಾತಾಯಿತು ಎನ್ನಬೇಡಿ. ಕಾರವಾರದಿಂದ ಕರಾವಳಿಯ ಗುಂಟ ಉತ್ತರಕ್ಕೆ ಹೋದರೆ ಗೋವಾದ ಕಾಣಕೋಣ ತಾಲ್ಲೂಕು ಸಿಗುತ್ತದೆ. ಅಲ್ಲಿ ಸಮುದ್ರಕ್ಕೆ ಚಾಚಿದ ಗುಡ್ಡದ ಮೇಲೆ ಹಳೆಯ ಕೋಟೆಯೊಂದಿದೆ, ಹೆಸರು ಕಾಬೋ ದಿ ರಾಮ. 1993ರಿಂದ 2002ರವರೆಗೆ ನಮ್ಮ ವಿಜ್ಞಾನಿಗಳು ಅಲ್ಲಿ ಗಾಜಿನ ಸೀಸೆಗಳಲ್ಲಿ ಸಮುದ್ರದ ಗಾಳಿಯನ್ನು ತುಂಬಿ ಆಸ್ಟ್ರೇಲಿಯಾಕ್ಕೆ ಕಳಿಸುತ್ತಿದ್ದರು. ಕೇಪ್ ಗ್ರಿಮ್‌ನ ಗಾಳಿಯನ್ನು ಪರೀಕ್ಷಿಸುವ ಅದೇ ಸಿ.ಎಸ್.ಐ.ಆರ್.ಒ. ಪ್ರಯೋಗಾಲಯದಲ್ಲಿ ಇದರ ಪರೀಕ್ಷೆಯೂ ನಡೆಯುತ್ತಿತ್ತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಮತ್ತು ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಇದರಲ್ಲಿ ಕೆಲಸ ಮಾಡಿದರು.

ಈ ಜಾಗದ ಸೊಗಸು ಮುಂಗಾರಿನಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಭೂಮಧ್ಯರೇಖೆಯನ್ನು ದಾಟಿ, ಅರಬ್ಬೀ ಸಮುದ್ರದ ಮೇಲೆ ಹಾದು ನಮ್ಮ ಕರಾವಳಿಗೆ ಬರುತ್ತದೆ. ನಿಮ್ಮ ಊರಿನ ಹೆಂಚಿನ ಮೇಲೆ ಮಳೆ ಸುರಿಸುವ ಅದೇ ಗಾಳಿ. ಆಗ ಕಾಬೋ ದಿ ರಾಮದಲ್ಲಿ ಮೀಥೇನ್, ಇಂಗಾಲದ ಮಾನಾಕ್ಸೈಡ್ ಎರಡೂ ಇಳಿಯುತ್ತವೆ. ಚಳಿಗಾಲ ಬಂತೆಂದರೆ ಗಾಳಿ ತಿರುಗಿ ಈಶಾನ್ಯದಿಂದ, ಅಂದರೆ ನಮ್ಮ ದೇಶದ ನೆಲದ ಮೇಲಿಂದ ಬೀಸುತ್ತದೆ. ಗದ್ದೆ, ಗೂಡು, ಒಲೆ, ಊರುಗಳ ಸುದ್ದಿಯನ್ನೆಲ್ಲ ಹೊತ್ತು ತರುತ್ತದೆ. ಎರಡೂ ಅನಿಲಗಳು ಏರುತ್ತವೆ. ಒಂದೇ ಗುಡ್ಡ ಮಳೆಗಾಲದಲ್ಲಿ ಸಮುದ್ರದ ಗಾಳಿಯನ್ನೂ ಚಳಿಗಾಲದಲ್ಲಿ ದೇಶದ ಗಾಳಿಯನ್ನೂ ಅಳೆಯುವ ಜಾಗವಾಗುತ್ತದೆ.

ಮಾಡಿ ನೋಡಿ: ನಿಮ್ಮ ಶಾಲೆಯ ಗಾಳಿ ನಕ್ಷೆ

ಹಾಳೆಯ ನಡುವೆ ಶಾಲೆಯನ್ನು ಬರೆಯಿರಿ. ಎಂಟು ದಿಕ್ಕುಗಳನ್ನು ಗುರುತಿಸಿ. ಯಾವ ದಿಕ್ಕಿನಲ್ಲಿ ಬಸ್ಸಿನ ರಸ್ತೆ, ಇಟ್ಟಿಗೆ ಗೂಡು, ಕೊಟ್ಟಿಗೆ, ಕಾಡು, ಕೆರೆ ಇವೆ ಎಂದು ತುಂಬಿ. ಬಯಲಿನಲ್ಲಿ ಒಂದು ಬಿದಿರ ಕೋಲು ನೆಟ್ಟು ತುದಿಗೆ ಬಟ್ಟೆಯ ಪಟ್ಟಿ ಕಟ್ಟಿ. ಒಂದು ತಿಂಗಳು ಪ್ರತಿದಿನ ಬೆಳಿಗ್ಗೆ 10ಕ್ಕೆ, ಸಂಜೆ 4ಕ್ಕೆ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು ಬರೆದಿಡಿ. (ಪಟ್ಟಿ ಹಾರುವ ದಿಕ್ಕು ಬೇರೆ, ಗಾಳಿ ಬರುವ ದಿಕ್ಕು ಬೇರೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ.) ನಿಮ್ಮ ಶಾಲೆಗೆ ಒಂದು ಅಳತೆಯ ಉಪಕರಣ ಬಂದರೆ ಯಾವ ದಿಕ್ಕಿನ ಗಾಳಿಯನ್ನು 'ಹಿನ್ನೆಲೆ' ಎಂದು ಆರಿಸುತ್ತೀರಿ? ಏಕೆ? ಕರಾವಳಿಯ ಶಾಲೆಗಳವರು ಬೆಳಿಗ್ಗೆಗೂ ಸಂಜೆಗೂ ಇರುವ ವ್ಯತ್ಯಾಸವನ್ನು ವಿಶೇಷವಾಗಿ ಗಮನಿಸಿ.

ಈಗ ಮತ್ತೆ ಗ್ರಾಫ್ ಹಾಳೆಗೆ ಬನ್ನಿ. ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಕೊಂಡಿರುವ ಗಾಳಿಗುಳ್ಳೆಗಳಿಂದ 1750ರ ಸುಮಾರಿನ ಗಾಳಿ ಹೇಗಿತ್ತೆಂದು ತಿಳಿದಿದೆ: ದಶಲಕ್ಷಕ್ಕೆ 278 ಭಾಗ. ಅದನ್ನು ತೋರಿಸಲು 60 ಮಿ.ಮೀ. ಉದ್ದಗಲದ ಚೌಕ ಬರೆದು ಒಂದೇ ಒಂದು ಚಿಕ್ಕ ಚೌಕಕ್ಕೆ ಬಣ್ಣ ತುಂಬಿ. ಕೇಪ್ ಗ್ರಿಮ್‌ನಲ್ಲಿ ಅಳತೆ ಶುರುವಾದಾಗ, 1976ರಲ್ಲಿ, ಸುಮಾರು 330. ಅದಕ್ಕೆ 55 ಮಿ.ಮೀ. ಚೌಕ. 2016ರ ಮೇ ತಿಂಗಳಲ್ಲಿ ಅಲ್ಲಿನ ಸ್ವಚ್ಛ ಗಾಳಿಯೂ 400 ಮುಟ್ಟಿತು. ನೀವು ಮೊದಲೇ ಬರೆದ 50 ಮಿ.ಮೀ. ಚೌಕವೇ ಅದು. ಉತ್ತರ ಗೋಳಾರ್ಧದ ಮೌನಾ ಲೋವಾದಲ್ಲಿ 2013ರ ಮೇ ತಿಂಗಳಲ್ಲೇ ಒಂದು ದಿನದ ಸರಾಸರಿ 400 ದಾಟಿತ್ತು. ಹೆಚ್ಚು ಜನ, ಹೆಚ್ಚು ಕಾರ್ಖಾನೆಗಳು ಇರುವುದು ಉತ್ತರದಲ್ಲಿ. ಆ ಗಾಳಿ ದಕ್ಷಿಣದ ಗಾಳಿಯೊಂದಿಗೆ ಬೆರೆಯಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಹಾಗಾಗಿ ದಕ್ಷಿಣ ಸದಾ ಸ್ವಲ್ಪ ಹಿಂದೆ.

ಮೂರು ಚೌಕಗಳನ್ನೂ ಒಂದರ ಪಕ್ಕ ಒಂದಿಟ್ಟು ಕೆಳಗೆ ವರ್ಷ ಬರೆಯಿರಿ. 60ರಿಂದ 55ಕ್ಕೆ ಬರಲು ಎಷ್ಟು ವರ್ಷ ಹಿಡಿಯಿತು? 55ರಿಂದ 50ಕ್ಕೆ? ಮೌನಾ ಲೋವಾದಲ್ಲಿ 2024ರ ವರ್ಷದ ಸರಾಸರಿ 424 ದಾಟಿತ್ತು. ಅದಕ್ಕೆ ಎಷ್ಟು ಮಿಲಿಮೀಟರಿನ ಚೌಕ ಬೇಕು?

ಅವುಗಳ ಪಕ್ಕದಲ್ಲಿ 45 ಮಿ.ಮೀ. ಉದ್ದಗಲದ ಇನ್ನೊಂದು ಚೌಕವನ್ನೂ ಬರೆಯಿರಿ. ಅದು ದಶಲಕ್ಷಕ್ಕೆ ಎಷ್ಟು ಭಾಗ ಎಂದು ಲೆಕ್ಕ ಹಾಕಿ. ಅದರ ಕೆಳಗೆ ವರ್ಷ ಬರೆಯುವ ಜಾಗವನ್ನು ಸದ್ಯಕ್ಕೆ ಖಾಲಿ ಬಿಡಿ.